ವರದಿ ಪುಸ್ತಕ, ಹನ್ನೊಂದನೆಯ ವಾರ

ಹೆಸರು: ಫೆನ್ಯಾ ಕುಬಾಶ್. ಊರು: ಗೋರ್ಲಿಟ್ಸ್.
ಕಸುಬು: ಮರಗೆಲಸ. ವರ್ಷ: ಒಂದು.
ಅದರ ಕೆಳಗೆ ನಾನು ಏನೆಂಬುದು
ಮೊದಲೇ ಅಚ್ಚಾಗಿದೆ: ಔಸ್‌ತ್ಸುಬಿಲ್ಡೆಂಡೆ.

ಬಾಯಿ ತುಂಬ ಮರದ ಹೊಟ್ಟಿಟ್ಟುಕೊಂಡು ಆಡಿದಂಥ ಪದ.
ಬಿಡಿಸಿ ನೋಡಿದೆ, ಹಳೆಯ ಕುರ್ಚಿಯ ಕಾಲು ಬಿಡಿಸುವ ಹಾಗೆ.
ಕಲಿಯುವವಳು ಅಂತಲ್ಲ.
ಕಲಿತವಳು ಅಂತೂ ಅಲ್ಲವೇ ಅಲ್ಲ.
ಕಲಿಸಲ್ಪಡಬೇಕಾದವಳು.
ತೊಳೆಯಬೇಕಾದ ಪಾತ್ರೆ, ಕಟ್ಟಬೇಕಾದ ತೆರಿಗೆ,
ಉಜ್ಜಬೇಕಾದ ಹಲಗೆ, ಆ ಸಾಲಿನಲ್ಲಿ ನಾನು.
ಮಾಡುವುದೆಲ್ಲ ಬೇರೆಯವರು;
ನನ್ನ ಪಾಲಿಗೆ ಬಾಕಿ ಉಳಿದಿರುವುದು.

ಇಷ್ಟುದ್ದ ಹೇಳಲು ಯಾರಿಗೆ ಪುರುಸೊತ್ತು?
ಟ್ರಾಮಿನಲ್ಲಿ, ಅಜ್ಜಿಯ ಫೋನಿನಲ್ಲಿ,
ಮೂರು ಕಡೆಯಿಂದ ಚೂರು ಕತ್ತರಿಸಿ ಅಂಟಿಸಿ
ಅತ್ಸುಬಿ ಅನ್ನುತ್ತಾರೆ. ಹುಡುಗನಿಗೂ ಅದೇ, ಹುಡುಗಿಗೂ ಅದೇ.
ಬ್ಯಾಂಕಿನಾಕೆ: ಅತ್ಸುಬಿಯಾ? ಹಾಗಾದರೆ ಶುಲ್ಕವಿಲ್ಲ.
ಕೋಣೆ ಬಾಡಿಗೆಗೆ ಕೊಡುವಾತ: ಅತ್ಸುಬಿಯಾ?
ಹಾಗಾದರೆ ಅಪ್ಪನ ಸಹಿ.

ಮೇಸ್ತ್ರಿ ನೋವಾಕ್ ಈ ಪದ ಮುಟ್ಟುವುದಿಲ್ಲ.
ಅವರು ಕೆಲಸ ಕಲಿತ ದೇಶ ಈಗ ನಕಾಶೆಯಲ್ಲಿಲ್ಲ.
ಅಲ್ಲಿ ಅವರು ಲೇರ್ಲಿಂಗ್, ಇಲ್ಲಿ ನಾನೂ ಲೇರ್ಲಿಂಗ್.
"ಗೋಡೆ ಬಿದ್ದ ಮೇಲೆ ಫಾರಮ್ಮುಗಳ ಜತೆ ಬಂತು ನಿನ್ನ ಅತ್ಸುಬಿ.
ಫಾರಮ್ಮಿಗೆ ಸಹಿ ಹಾಕಿದೆ.
ನಾಲಿಗೆಗೆ ಯಾರೂ ಸಹಿ ಕೇಳಲಿಲ್ಲ."

ಇಂಗೋಲ್ಫನಿಗೆ ಎರಡೂ ಬೇಡ. ಅವನಿಗೆ ನಾನು ಸ್ಟಿಫ್ಟ್.
ಸ್ಟಿಫ್ಟ್ ಅಂದರೆ ಪೆನ್ಸಿಲ್.
ಸ್ಟಿಫ್ಟ್ ಅಂದರೆ ಕಿರುಬೆರಳಿಗಿಂತ ಸಣ್ಣ ಕೀಲು.
ಸ್ಟಿಫ್ಟ್ ಅಂದರೆ ಕಾಫಿ ತರುವವಳು, ಹೊಟ್ಟು ಗುಡಿಸುವವಳು,
ಹಲಗೆಯ ಆ ತುದಿ ಹಿಡಿಯುವವಳು.
ಹಲಗೆಗೆ ಎರಡು ತುದಿ.
ಮಾತಾಡುವುದೆಲ್ಲ ಈ ತುದಿಯವರು.

ಸೋಮವಾರ: ಗುಡಿಸಿದೆ.
ಮಂಗಳವಾರ: ಗುಡಿಸಿದೆ, ಉಳಿ ಮಸೆದೆ, ಹೆಬ್ಬೆರಳು ಕೊಯ್ದುಕೊಂಡೆ.
ಬುಧವಾರ ಇಂಗೋಲ್ಫ್ ಅಂದ: "ಸ್ಟಿಫ್ಟ್, ಕ್ರೆಚ್ಮರ್ ಅಂಗಡಿಗೆ ಓಡು.
ರಸಮಟ್ಟಕ್ಕೆ ಹಾಕುವ ತೂಕದ ಕಲ್ಲು ತಾ, ಇದ್ದದ್ದು ಸವೆದಿದೆ."

ಹೋದೆ. ನವೆಂಬರ್. ನೈಸೆ ನದಿಯ ಮೇಲೆ ಮಂಜು.
ಆಚೆ ದಡದ ಪೋಲೆಂಡು ಇದ್ದಲ್ಲಿ ಬರೀ ಬಿಳಿ.
ಅಂಗಡಿಯ ಮುದುಕಿ ನಗಲಿಲ್ಲ.
"ಎಷ್ಟು ಕಿಲೋದ್ದು?" ಎಂದಳು. ನನಗೆ ಗೊತ್ತಿರಲಿಲ್ಲ.
"ಯಾರ ಕಾರ್ಖಾನೆ?" ಎಂದಳು. ಅದು ಗೊತ್ತಿತ್ತು.
ಒಳಗೆ ಹೋಗಿ, ಬಹಳ ಹೊತ್ತು ಬಿಟ್ಟು ಬಂದು,
ಕಂದು ಕಾಗದದ ಗಂಟೊಂದು ಕೈಗಿತ್ತಳು.

ಇಪ್ಪತ್ತು ನಿಮಿಷ ಹೊತ್ತೆ, ತೋಳು ಬದಲಿಸುತ್ತ.
ರಸಮಟ್ಟದೊಳಗೆ ಗುಳ್ಳೆಯೊಂದು ಬಿಟ್ಟರೆ ಏನೂ ಇಲ್ಲವಲ್ಲ ಎಂದು
ಸೇತುವೆಯ ಹತ್ತಿರ ಹೊಳೆಯಿತು.
ಹೊಳೆದರೂ ಕೆಳಗಿಡಲಿಲ್ಲ.
ಯಾಕೆಂದು ಬರೆಯಲು ಈ ಪುಟದಲ್ಲಿ ಅಂಕಣವಿಲ್ಲ.

ಎಲ್ಲರೂ ನಗಲು ಸಿದ್ಧವಾಗಿ ನಿಂತಿದ್ದರು. ದಾರ ಬಿಚ್ಚಿದೆ.
ಇಟ್ಟಿಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ:
ಲೋಥಾರ್, ನೀನು ಹೊತ್ತದ್ದು ಇದಕ್ಕಿಂತ ದೊಡ್ಡದಿತ್ತು.
ನೀನು ಅತ್ತಿದ್ದೆ ಬೇರೆ.

ಬರುತ್ತಿದ್ದ ನಗು ದಾರಿ ತಪ್ಪಿ
ಮೇಸ್ತ್ರಿ ನೋವಾಕರ ಕಡೆಗೆ ತಿರುಗಿತು.
ಅವರ ಕಿವಿ ಕೆಂಪಾಯಿತು.
ತೋಳಿನಿಂದ ಸುಣ್ಣ ಒರೆಸಲು ಹೋಗಿ, ಒರೆಸದೆ,
ಇಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಕೋಣೆಗೆ ನಡೆದರು.
ಈಗ ಅದು ಅವರ ಬಾಗಿಲು ಮುಚ್ಚದ ಹಾಗೆ ತಡೆದು ಕೂತಿದೆ.

ಗುರುವಾರ: ವೃತ್ತಿಶಾಲೆ. ಮರದ ತೇವಾಂಶ. ನಿದ್ದೆ ಬಂತು.

ಶುಕ್ರವಾರ ಮಧ್ಯಾಹ್ನ ಮೇಸ್ತ್ರಿಯೇ ಕರೆದರು.
ಓಕ್ ಮರದ ಬಾಗಿಲ ಚೌಕಟ್ಟು, ಮೂಲೆ ಕೂಡಿಸುವುದಿತ್ತು.
"ಸ್ಟಿಫ್ಟ್ ಕೊಡು, ಸ್ಟಿಫ್ಟ್" ಎಂದರು.
ಒಂದು ನಾನು, ಇನ್ನೊಂದು ನನ್ನ ಕಿವಿಯ ಹಿಂದಿನದು.
ಲೇರ್ಲಿಂಗ್ ಅನ್ನಲು ಅವರಿಗೆ ಮರೆತೇ ಹೋಗಿತ್ತು.

ಗುರುತು ಅವರು ಹಾಕಿದರು. ಕೀಲು ನಾನು ಬಡಿದೆ.
ಮೊದಲ ಪೆಟ್ಟು ಟೊಳ್ಳು. ಎರಡನೆಯದೂ ಟೊಳ್ಳು.
ಮೂರನೆಯದಕ್ಕೆ ಮರದ ದನಿ ಒಡೆಯುತ್ತದೆ,
ಹುಡುಗರ ಗಂಟಲು ಒಂದು ಬೆಳಿಗ್ಗೆ ಒಡೆಯುವ ಹಾಗೆ.
ಅದಕ್ಕೆ ಹೆಸರೇನಾದರೂ ಇದೆಯಾ, ಕೇಳಿದೆ.
ಕೇಳಿಸಲಿಲ್ಲವೇನೋ. ಕಾಫಿ ತರಲು ಹೇಳಿದರು.

ಒಟ್ಟು ತಾಸು: ಮೂವತ್ತೆಂಟೂವರೆ.
ಹೆಬ್ಬೆರಳು: ವಾಸಿಯಾಗುತ್ತಿದೆ.
ಕೆಳಗೆ ಎರಡು ಸಹಿಗೆ ಜಾಗ.
ಕಲಿಸಬೇಕಾದವರದು, ಕಲಿಸಲ್ಪಡಬೇಕಾದವಳದು.
ನನ್ನದು ಹಾಕಿದ್ದೇನೆ, ಪೆನ್ಸಿಲಿನಲ್ಲಿ.